ಬಾಡಿಗೆ ಕರಾರು ಪತ್ರ ಈಗಲೇ ಹಾಕಬೇಡ ಮಾರಾಯ್ತಿ

ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಕಿಚನರ್‌ನಲ್ಲಿ ಓದಿ, ಅಲ್ಲೇ ಕೆಲಸ ಹಿಡಿದು, ಈ ಮಾರ್ಚ್‌ನಲ್ಲಿ ಪಿಆರ್ (ಕೆನಡಾದಲ್ಲಿ ಕಾಯಂ ವಾಸದ ಅನುಮತಿ) ಆಯಿತು. ನವೆಂಬರ್‌ನಲ್ಲಿ ಹಾಸನದ ಹುಡುಗನನ್ನು ಮದುವೆಯಾಗಿ ಕೆನಡಾಕ್ಕೆ ಕರೆಸಿಕೊಳ್ಳಬೇಕು. ಅವನು ನಿನಗಿಂತ ಎರಡು ವರ್ಷ ಚಿಕ್ಕವನು, ಹಿಂದೆ ಒಂದು ಸಲ ಸ್ಟೂಡೆಂಟ್ ವೀಸಾ ರಿಜೆಕ್ಟ್ ಆಗಿದೆ, ನಿನಗೆ ಸಿಗುವುದು ಮೂರು ವಾರ ರಜೆ. "ಅಕ್ಕಾ, ವೀಸಾಕ್ಕಾಗಿ ಮಾಡಿಕೊಂಡ ಮದುವೆ ಅಂದುಬಿಡ್ತಾರಾ? ರಿಜೆಕ್ಟ್ ಆಗಿದ್ದು ಹೇಳಲೇಬೇಕಾ?" ಅಂತ ಕೇಳಿದ್ದೀಯ. ಕೊನೆಗೆ ಒಂದು ಸಾಲು ಸೇರಿಸಿದ್ದೀಯ ನೋಡು, ನೀನು ಬರುವ ಮೊದಲು ಬೆಂಗಳೂರಲ್ಲಿ ಒಂದೂವರೆ ವರ್ಷ ಇಬ್ಬರೂ ಒಂದೇ ಮನೆಯಲ್ಲಿದ್ದಿರಿ, ಆ ಬಾಡಿಗೆ ಕರಾರು ಪತ್ರವನ್ನು ಹಳೇ ಸಂಬಂಧಕ್ಕೆ ಸಾಕ್ಷಿ ಅಂತ ಹಾಕುತ್ತೀಯ ಅಂತ. ನನಗೆ ಎದೆ ಧಸಕ್ ಅಂದಿದ್ದು ಆ ಸಾಲಿಗೆ. ಅದಕ್ಕೆ ಬರುತ್ತೇನೆ. ಮೊದಲು ನನ್ನ ಕಥೆ ಕೇಳು.

ನಾನು ಮಿಸ್ಸಿಸಾಗಾಕ್ಕೆ ಬಂದಿದ್ದು 2007ರಲ್ಲಿ. ಮದುವೆ ಆಗಿದ್ದು 2012ರ ಡಿಸೆಂಬರ್‌ನಲ್ಲಿ, ತೀರ್ಥಹಳ್ಳಿ ಹತ್ತಿರ. ನಮ್ಮನೆಯವರು ನನಗಿಂತ ನಾಲ್ಕು ವರ್ಷ ಚಿಕ್ಕವರು, ಅವರಿಗೂ ಮೊದಲೊಮ್ಮೆ ವಿಸಿಟರ್ ವೀಸಾ ರಿಜೆಕ್ಟ್ ಆಗಿತ್ತು. ಅಂದರೆ ನಿನ್ನದೇ ಜಾತಕ. ಮೇಲೆ ನಮ್ಮದು ಮಂತ್ರಮಾಂಗಲ್ಯ. ಕುವೆಂಪು ಹಾಕಿಕೊಟ್ಟ ಸರಳ ಮದುವೆ, ನಮ್ಮ ಕಡೆ ಎಲ್ಲರಿಗೂ ಗೊತ್ತು. ಪುರೋಹಿತರಿಲ್ಲ, ಹೋಮ ಇಲ್ಲ, ವಾಲಗ ಇಲ್ಲ, ನಲವತ್ತು ಜನ, ಒಂದು ಊಟ. ನಮಗೆ ಹೆಮ್ಮೆ. ಆದರೆ ಇಮಿಗ್ರೇಷನ್ ಆಫೀಸಿನಲ್ಲಿ ಫೈಲು ನೋಡುವವರಿಗೆ ಅದು ಏನಾಗಿ ಕಾಣುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಹಿಂದೂ ಮದುವೆ ಅಂದರೆ ಮುನ್ನೂರು ಜನ, ಅಗ್ನಿ, ಧಾರೆ ಅಂತ ಅವರು ಎದುರು ನೋಡುತ್ತಿರುತ್ತಾರೆ. ಅದಿಲ್ಲದಿದ್ದರೆ ಯಾಕಿಲ್ಲ ಅಂತ ಕೇಳುತ್ತಾರೆ. ನಮ್ಮನೆಯವರನ್ನು ಕರೆಸಿಕೊಳ್ಳಲು ಹಾಕಿದ ಅರ್ಜಿಯಲ್ಲಿ ನಾನು ಅದರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಇಷ್ಟೇ ಆಗಿದ್ದರೆ ಸುಧಾರಿಸಬಹುದಿತ್ತು. ಮದುವೆಯಾದ ಮೂರನೇ ದಿನ ನನ್ನ ಚಿಕ್ಕಪ್ಪನ ಮಗ ಬಂದು, "ಫೋಟೊ ಸಾಲಲ್ಲ ಕಣೇ, ಇಷ್ಟಕ್ಕೆಲ್ಲ ಅವರು ನಂಬಲ್ಲ" ಅಂದ. ಸರಿ, ಒಂದೇ ದಿನ ಕುಪ್ಪಳಿ, ಆಗುಂಬೆ, ಶೃಂಗೇರಿ, ಸಿರಿಮನೆ ಫಾಲ್ಸ್ ಅಂತ ಸುತ್ತಿ, ನಡುನಡುವೆ ಕಾರಿನಲ್ಲೇ ಸೀರೆ ಬದಲಾಯಿಸಿ, ಬೇರೆ ಬೇರೆ ಸಲ ಹೋದ ಹಾಗೆ ಫೋಟೊ ತೆಗೆಸಿಕೊಂಡೆವು. ಬಹಳ ಬುದ್ಧಿವಂತಿಕೆ ಮಾಡಿದೆವು ಅಂದುಕೊಂಡಿದ್ದೆವು. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ನಮ್ಮನೆಯವರ ಹೆಬ್ಬೆರಳು ಕೊಯ್ದಿತ್ತು. ನಾಲ್ಕು ಸೀರೆಯ ಪಕ್ಕದಲ್ಲೂ ಅದೇ ಬೆರಳು, ಅದೇ ಬ್ಯಾಂಡೇಜು. ನಮಗೆ ಕಾಣಲಿಲ್ಲ, ಆಫೀಸರ್‌ಗೆ ಕಂಡಿತು.

ಸಂದರ್ಶನಕ್ಕೆ ನಮ್ಮನೆಯವರನ್ನು ಕರೆದರು. ಮೊದಲು ಭೇಟಿಯಾಗಿದ್ದು ಎಲ್ಲಿ ಅಂತ ಕೇಳಿದರು. ನಾನು ಅರ್ಜಿಯಲ್ಲಿ ನಮ್ಮಕ್ಕನ ಗೃಹಪ್ರವೇಶ ಅಂತ ಬರೆದಿದ್ದೆ, ಅವರು ಅಕ್ಕನ ಮಗುವಿನ ನಾಮಕರಣ ಅಂದರು. ಎರಡೂ ಒಂದೇ ವಾರ ನಡೆದಿದ್ದವು, ಇಬ್ಬರೂ ಸುಳ್ಳು ಹೇಳಿರಲಿಲ್ಲ. 2014ರಲ್ಲಿ ರಿಜೆಕ್ಟ್ ಆಯಿತು. 5 ಡಾಲರ್ ಕಟ್ಟಿ ಫೈಲಿನ ಟಿಪ್ಪಣಿ ತರಿಸಿಕೊಂಡೆ (ಇಲ್ಲಿ ಅದಕ್ಕೆ ಕಾನೂನಿದೆ, ನಮ್ಮ ಆರ್‌ಟಿಐ ಇದ್ದ ಹಾಗೆ). ವಯಸ್ಸಿನ ವ್ಯತ್ಯಾಸ ಒಂದು ಸಾಲು, ಹಳೇ ರಿಜೆಕ್ಷನ್ ಒಂದು ಸಾಲು. ಬ್ಯಾಂಡೇಜಿಗೆ ಮಾತ್ರ ಒಂದು ಪ್ಯಾರಾ! ನಿಜವಾದ ಮದುವೆಗೆ ನಾನೇ ಸುಳ್ಳಿನ ವೇಷ ತೊಡಿಸಿದ್ದೆ.

ಇಂಥ ರಿಜೆಕ್ಷನ್ ಮೇಲಿನ ಅಪೀಲ್ ಕೇಳುವ ಇಮಿಗ್ರೇಷನ್ ಅಪೀಲ್ ಡಿವಿಷನ್‌ಗೆ ಹೋದೆ. ಅಲ್ಲಿ ಫೋಟೊ ವಿಷಯ ನಾನೇ ಬಾಯಿಬಿಟ್ಟು ಹೇಳಿದೆ, ನಾಚಿಕೆಯಾಯಿತು. ಮದುವೆಯಲ್ಲಿ ಪ್ರತಿಜ್ಞೆ ಬೋಧಿಸಿದ ಹಿರಿಯರು ಮಂತ್ರಮಾಂಗಲ್ಯ ಅಂದರೆ ಏನು ಅಂತ ಎರಡು ಪುಟ ಬರೆದುಕೊಟ್ಟರು, ಅನುವಾದ ಮಾಡಿಸಿ ಕೊಟ್ಟೆವು. ಒಂದೂವರೆ ವರ್ಷ ಕಳೆದ ಮೇಲೆ ನಮ್ಮ ಪರವಾಗಿ ಆಯಿತು. ಅಷ್ಟರಲ್ಲಿ ಊರಿನಲ್ಲಿ ನೆಂಟರು ಶುರು ಮಾಡಿಯಾಗಿತ್ತು, "ಹುಡುಗ ಪಿಆರ್‌ಗೇ ಕಟ್ಟಿಕೊಂಡಿದ್ದು, ಬಂದ ಮೇಲೆ ಬಿಟ್ಟು ಹೋಗ್ತಾನೆ ನೋಡ್ತಿರಿ." ಆಫೀಸರ್ ಆದರೂ ಕಾಗದದಲ್ಲಿ ಬರೆದು ಕೇಳುತ್ತಾರೆ, ನೆಂಟರಿಗೆ ಅದೂ ಬೇಡ.

ಈಗ ನಿನ್ನ ವಿಷಯ. ಕೆನಡಾದ ನಿಯಮದಲ್ಲಿ ಎರಡು ಪ್ರಶ್ನೆ ಇವೆ. ಮದುವೆ ನಿಜವಾದದ್ದಾ? ಮುಖ್ಯವಾಗಿ ಇಮಿಗ್ರೇಷನ್ ಲಾಭಕ್ಕೆ ಆಗಿದ್ದಾ? 2010ರ ತನಕ ಎರಡರಲ್ಲೂ ಫೇಲ್ ಆದರೆ ಮಾತ್ರ ತೊಂದರೆ ಇತ್ತು. ಆ ವರ್ಷ ತಿದ್ದುಪಡಿಯಾದ ಮೇಲೆ ಒಂದರಲ್ಲಿ ಫೇಲ್ ಆದರೂ ಸಾಕು. ನಿಯಮ ಬಿಗಿ ಮಾಡಿದ್ದು ಸುಮ್ನೆ ಅಲ್ಲ. ದುಡ್ಡು ಕೊಟ್ಟು ಕಾಗದದ ಮದುವೆ ಮಾಡಿಸುವ ಏಜೆಂಟರು ಇದ್ದಾರೆ, ಪಂಜಾಬಿನಲ್ಲಂತೂ ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಅಂಕ ಇರುವ ಹುಡುಗಿಗೆ ಹುಡುಗನ ಮನೆಯವರು ಓದಿನ ಖರ್ಚು ಕೊಟ್ಟು ಮದುವೆ ಮಾಡುವ ವ್ಯವಹಾರ ಪೇಪರ್‌ನಲ್ಲೆಲ್ಲ ಬಂದಿದೆ. ಆ ಬಿಸಿ ನಮಗೂ ತಟ್ಟುತ್ತದೆ. ಹಾಗಂತ ವಯಸ್ಸಿನ ವ್ಯತ್ಯಾಸಕ್ಕೋ ಮೂರು ವಾರದ ರಜೆಗೋ ಯಾರೂ ರಿಜೆಕ್ಟ್ ಮಾಡುವುದಿಲ್ಲ. ಪದ್ಧತಿಗಿಂತ ಬೇರೆಯಾಗಿ ಏನೇ ಆಗಿದ್ದರೂ, ಯಾಕೆ ಹಾಗಾಯಿತು ಅಂತ ಅವರು ಕೇಳುವ ಮೊದಲೇ ನೀನು ಬರೆದುಬಿಡು.

ಅವನ ಹಳೇ ರಿಜೆಕ್ಷನ್ ಹೇಳಲೇಬೇಕು. ಅದು ಅವರ ಕಂಪ್ಯೂಟರ್‌ನಲ್ಲೇ ಇದೆ, ಮುಚ್ಚಿಟ್ಟು ಏನು ಮಾಡುತ್ತೀಯ? ಹೇಳಿದರೆ ಅದು ಒಂದು ಸಾಲು. ಮುಚ್ಚಿಟ್ಟರೆ ಸುಳ್ಳು ಮಾಹಿತಿ ಅಂತಾಗಿ ಅವನು 5 ವರ್ಷ ಕೆನಡಾಕ್ಕೆ ಬರುವ ಹಾಗಿಲ್ಲ. ಸುಳ್ಳು ಕೊಡುವುದು ಅಪರಾಧ ಕೂಡ, ದೊಡ್ಡ ಕೇಸಾದರೆ 1,00,000 ಡಾಲರ್ ತನಕ ದಂಡ, 5 ವರ್ಷದ ತನಕ ಜೈಲು. ನಿನ್ನ ಗೆಳತಿ ಹಳೇ ಫೋಟೊಗಳನ್ನು "ಸ್ವಲ್ಪ ಅಡ್ಜಸ್ಟ್ ಮಾಡಿಕೊಡ್ತೀನಿ" ಅಂದಿದ್ದಾಳಂತಲ್ಲ, ಅವಳಿಗೆ ನನ್ನ ಬ್ಯಾಂಡೇಜಿನ ಕಥೆ ಹೇಳು.

ಇನ್ನು ಆ ಬಾಡಿಗೆ ಕರಾರು. ಇಲ್ಲಿಯ ಕಾನೂನಿನಲ್ಲಿ ಗಂಡ ಹೆಂಡತಿಯ ಹಾಗೆ ಸತತ ಒಂದು ವರ್ಷ ಒಟ್ಟಿಗೆ ಬಾಳಿದರೆ ತಾಳಿ ಕಟ್ಟದಿದ್ದರೂ ಕಾಮನ್ ಲಾ ಸಂಗಾತಿ ಅನ್ನುತ್ತಾರೆ. ನೀನು ಪಿಆರ್ ಅರ್ಜಿಯಲ್ಲಿ ಏನು ಬರೆದೆ? ಸಿಂಗಲ್ ಅಂತ ತಾನೇ? ಅಪ್ಪ ಅಮ್ಮನಿಗೂ ಗೊತ್ತಿಲ್ಲದ ವಿಷಯ, ಯಾರಾದರೂ ಹಾಗೇ ಬರೆಯುತ್ತಾರೆ. ಆದರೆ ಪಿಆರ್ ಆಗುವಾಗ ಇದ್ದ ಸಂಗಾತಿಯನ್ನು ತೋರಿಸದೆ, ಇಮಿಗ್ರೇಷನ್‌ನವರಿಂದ ಆ ಸಂಗಾತಿಯ ತಪಾಸಣೆ ಆಗದೆ ಹೋದರೆ, ಆಮೇಲೆ ಅವರನ್ನು ಸ್ಪಾನ್ಸರ್ ಮಾಡುವ, ಅಂದರೆ ನಿನ್ನ ಜವಾಬ್ದಾರಿಯ ಮೇಲೆ ಕರೆಸಿಕೊಳ್ಳುವ ದಾರಿಯೇ ಮುಚ್ಚುತ್ತದೆ. ಈಗ ಶಾಸ್ತ್ರೋಕ್ತವಾಗಿ ಮದುವೆಯಾದರೂ ಅಷ್ಟೇ. ಮಾನವೀಯ ನೆಲೆಯಲ್ಲಿ ವಿನಾಯಿತಿ ಕೇಳುವುದೊಂದು ಉಳಿಯುತ್ತದೆ, ಅದು ಸಿಕ್ಕೇ ಸಿಗುತ್ತದೆ ಅಂತೇನಿಲ್ಲ. ನಿನ್ನ ಪಿಆರ್ ಬಗ್ಗೆಯೇ ಪ್ರಶ್ನೆ ಏಳಬಹುದು. ಅಂದರೆ "ನಮ್ಮ ಮದುವೆ ನಿಜ" ಅಂತ ತೋರಿಸಲು ನೀನು ಇಡುತ್ತಿರುವ ಕಾಗದವೇ ಅರ್ಜಿಯನ್ನು ಮುಳುಗಿಸಬಹುದು.

ಹೆದರಿಸುತ್ತಿಲ್ಲ. ಒಂದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡು ಇರುವುದು ಬೇರೆ, ಸಂಸಾರ ಮಾಡುವುದು ಬೇರೆ. ಮೂರು ರೂಮಿನ ಮನೆಯಲ್ಲಿ ಐದು ಜನ ಫ್ರೆಂಡ್ಸ್ ಇದ್ದಿರಾ, ಇಬ್ಬರೇ ಇದ್ದಿರಾ, ಆಮೇಲೆ ನೀನು ಇಲ್ಲಿ ಅವನು ಅಲ್ಲಿ ಅಂತ ವರ್ಷಗಟ್ಟಲೆ ದೂರ ಇದ್ದಿದ್ದು ಹೇಗೆ ಲೆಕ್ಕಕ್ಕೆ ಬರುತ್ತದೆ, ಇದೆಲ್ಲ ಲಾಯರ್ ಮುಂದೆ ಕೂತು ಬಿಡಿಸಬೇಕಾದ್ದು. ಕರಾರು ಪತ್ರ ಹರಿದು ಹಾಕಿ ಸುಮ್ಮನಿರು ಅಂತಲೂ ನಾನು ಹೇಳುವುದಿಲ್ಲ. ಬೆಂಗಳೂರಿನ ವಿಳಾಸ ನಿನ್ನ ಹಳೇ ಅರ್ಜಿಯಲ್ಲಿ ಇರುತ್ತದೆ, ಅವನ ಸ್ಟೂಡೆಂಟ್ ವೀಸಾ ಅರ್ಜಿಯಲ್ಲೂ ಅದೇ ಇರಬಹುದು. ಎರಡೂ ಪಕ್ಕ ಪಕ್ಕ ಇಟ್ಟು ನೋಡಲು ಎಷ್ಟು ಹೊತ್ತು? ಲೈಸೆನ್ಸ್ ಇರುವ ಇಮಿಗ್ರೇಷನ್ ಲಾಯರ್ ಹತ್ತಿರ ಮದುವೆಗೆ ಮೊದಲೇ ಹೋಗು. ಬ್ರಾಂಪ್ಟನ್‌ನ ಅಂಗಡಿ ಮಹಡಿ ಮೇಲೆ "ಗ್ಯಾರಂಟಿ ವೀಸಾ" ಬೋರ್ಡ್ ಹಾಕಿಕೊಂಡಿರುವವರ ಹತ್ತಿರ ಅಲ್ಲ.

ಇನ್ನೆರಡು ಮಾತು. ಸ್ಪಾನ್ಸರ್ ಮಾಡುವಾಗ ನೀನು ಸಹಿ ಹಾಕುವುದು 3 ವರ್ಷದ ಜವಾಬ್ದಾರಿಗೆ. ಅವನಿಗೆ ಪಿಆರ್ ಆದ ದಿನದಿಂದ ಲೆಕ್ಕ. ನಡುವೆ ಜಗಳವಾಗಿ ಡಿವೋರ್ಸ್ ಆದರೂ ಅವನು ಸರ್ಕಾರದ ವೆಲ್ಫೇರ್ (ಸಹಾಯಧನ) ತೆಗೆದುಕೊಂಡರೆ ಆ ದುಡ್ಡು ನೀನೇ ಕಟ್ಟಬೇಕು. ಮೊದಲು ಹೊಸ ದಂಪತಿಗೆ ಎರಡು ವರ್ಷ ಒಟ್ಟಿಗೆ ಬಾಳಲೇಬೇಕು, ಇಲ್ಲದಿದ್ದರೆ ಪಿಆರ್ ಹೋಗುತ್ತದೆ ಅನ್ನುವ ಷರತ್ತಿತ್ತು, 2012ರ ಅಕ್ಟೋಬರ್‌ನಿಂದ. ನಮ್ಮನೆಯವರು 2016ರಲ್ಲಿ ಆ ಷರತ್ತಿನ ಮೇಲೇ ಬಂದಿದ್ದು. ಹೊಡೆತ ತಿಂದರೂ ಪಿಆರ್ ಹೋದೀತು ಅಂತ ಬಾಯಿ ಮುಚ್ಚಿಕೊಂಡು ಇರುವವರಿಗೆ ಅದು ಬಲೆಯಾಯಿತು ಅಂತ 2017ರ ಏಪ್ರಿಲ್‌ನಲ್ಲಿ ತೆಗೆದುಹಾಕಿದರು. ಒಳ್ಳೆಯದೇ ಆಯಿತು.

ಮದುವೆಯಾಗಿ ಅವನ ಜೊತೆ ಎಂಟು ತಿಂಗಳು ಹಾಸನದಲ್ಲೇ ಕೂತು ಅರ್ಜಿ ಹಾಕುವ ಯೋಚನೆ ಬೇಡ, ಪಿಆರ್ ಇರುವವರು ಕೆನಡಾದಲ್ಲೇ ವಾಸ ಇದ್ದು ಸ್ಪಾನ್ಸರ್ ಮಾಡಬೇಕು. ಅವನು ಅಲ್ಲಿಂದಲೇ ಹಾಕಲಿ, ಹಾಗೆ ಹಾಕಿದರೆ ರಿಜೆಕ್ಟ್ ಆದಾಗ ಅಪೀಲ್ ಇರುತ್ತದೆ. ಇಲ್ಲಿಗೆ ಬಂದು ಒಳಗಿನಿಂದ ಹಾಕುವ ಅರ್ಜಿಗೆ ಆ ಅಪೀಲ್ ಇಲ್ಲ.

ಲಾಯರ್ ಹತ್ತಿರ ಹೋಗುವಾಗ ನಿನ್ನ ಪಿಆರ್ ಅರ್ಜಿಯ ಪ್ರತಿ ಬೇಕು. ಇಟ್ಟುಕೊಂಡಿಲ್ಲದಿದ್ದರೆ ಇವತ್ತೇ ಕೇಳಿ ಹಾಕು, ಬರಲು ದಿನ ಹಿಡಿಯುತ್ತದೆ. ಬಂದ ಮೇಲೆ ಅದರಲ್ಲಿ ಏನು ಬರೆದಿದ್ದೀಯ ಅಂತ ನೋಡಿ ನನಗೆ ಫೋನ್ ಮಾಡು.