ಸಂಜೆಯ ತಣ್ಣನೆಯ ಬ್ರೆಡ್ಡು ಊಟವಾದೀತೆ?

ಪ್ರಶ್ನೆ: ಸ್ನಾತಕೋತ್ತರ ಪದವಿಗಾಗಿ ಜರ್ಮನಿಗೆ ಬಂದು ನಾಲ್ಕು ತಿಂಗಳಾಗಿದೆ. ನಾನು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ಮಧ್ಯಾಹ್ನವನ್ನು ಬಿಸ್ಕತ್ತಿನಲ್ಲಿ ಕಳೆದು, ಸಂಜೆ ಏಳಕ್ಕೆ ಮರಳಿ, ಅನ್ನ ಸಾರು ಮಾಡಿಕೊಂಡು ಉಂಡು ಪಾತ್ರೆ ತೊಳೆಯುವಷ್ಟರಲ್ಲಿ ಹತ್ತು ಗಂಟೆಯಾಗುತ್ತದೆ. ಜೊತೆಯಲ್ಲಿರುವ ಜರ್ಮನ್ ವಿದ್ಯಾರ್ಥಿಗಳು ಏಳಕ್ಕೆ ಬ್ರೆಡ್ಡು, ಚೀಸು ತಿಂದು ಎದ್ದುಬಿಡುತ್ತಾರೆ. ನನ್ನನ್ನೂ ಕರೆದಿದ್ದಾರೆ, ನಾನೇ ಕುಳಿತಿಲ್ಲ. ಅವರ ಕ್ರಮಕ್ಕೆ ಹೊಂದಿಕೊಂಡರೆ ಆರೋಗ್ಯ ಕೆಡುವುದೇ? ಮುಂದಿನ ತಿಂಗಳು ಬರಲಿರುವ ಅಮ್ಮ ತುಪ್ಪ, ಸಾರಿನ ಪುಡಿ, ಕರಿಬೇವು ತರಬಹುದೇ?
– ಒಬ್ಬ ವಿದ್ಯಾರ್ಥಿ, ಜರ್ಮನಿ

ಉತ್ತರ: ನಿಮ್ಮ ತೊಂದರೆ ಇರುವುದು ಬ್ರೆಡ್ಡಿನಲ್ಲಲ್ಲ, ಬಿಸ್ಕತ್ತಿನಲ್ಲಿ. ಜರ್ಮನರು ರಾತ್ರಿ ತಣ್ಣನೆಯ ಬ್ರೆಡ್ಡಿನಲ್ಲಿ ಮುಗಿಸುವ ರೂಢಿ ಬೆಳೆಸಿಕೊಂಡದ್ದು ಮಧ್ಯಾಹ್ನ ಬಿಸಿಯಾಗಿ, ಹೊಟ್ಟೆ ತುಂಬ ಉಣ್ಣುತ್ತಿದ್ದುದರಿಂದ. ‘ಆಬೆಂಡ್‌ಬ್ರೋಟ್’ ಎಂಬ ಆ ಪದದ ಅರ್ಥವೇ ಸಂಜೆಯ ಬ್ರೆಡ್ಡು. ಮಧ್ಯಾಹ್ನದ ಊಟವನ್ನು ಬಿಟ್ಟು ಸಂಜೆಯದನ್ನು ಮಾತ್ರ ಅನುಕರಿಸಿದರೆ ಅರೆಹೊಟ್ಟೆಯೇ ಗತಿ. ಆದ್ದರಿಂದ ಮೊದಲು ಊಟದ ಹೊತ್ತನ್ನು ಬದಲಿಸಿಕೊಳ್ಳಿ. ರುಚಿಯ ವಿಚಾರ ಆಮೇಲೆ.

ವಿಶ್ವವಿದ್ಯಾಲಯದ ‘ಮೆನ್ಸಾ’ ಎಂಬ ಊಟದ ಮನೆಯಲ್ಲಿ ವಿದ್ಯಾರ್ಥಿಗಳಿಗೆ ಹೊರಗಿನವರಿಗಿಂತ ಕಡಿಮೆ ದರವಿರುತ್ತದೆ, ಬಹುತೇಕ ಕಡೆ ದಿನವೂ ಒಂದಾದರೂ ಸಸ್ಯಾಹಾರದ ಊಟ ಸಿಗುತ್ತದೆ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಮೊಟ್ಟೆ, ಹಾಲು, ಗೋಧಿಯ ಅಂಟು ಸೇರಿದಂತೆ ಅಲರ್ಜಿ ತರಬಲ್ಲ 14 ಬಗೆಯ ಪದಾರ್ಥಗಳನ್ನು ತಿಳಿಸುವುದು ಕಡ್ಡಾಯ. ‘ಆಯ್’ ಎಂದರೆ ಮೊಟ್ಟೆ ಎಂಬುದೊಂದನ್ನು ಕಲಿತರೆ ನಿಮ್ಮ ಅರ್ಧ ಆತಂಕ ಕಳೆಯುತ್ತದೆ. ಅಲ್ಲಿನ ಲೆಕ್ಕದಲ್ಲಿ ಸಸ್ಯಾಹಾರವೆಂದರೆ ಮೊಟ್ಟೆಯೂ ಸೇರಿದ್ದು. ‘ವೇಗಾನ್’ ಎಂದು ಬರೆದ ಊಟದಲ್ಲಿ ಮೊಟ್ಟೆ, ಹಾಲು ಎರಡೂ ಇರುವುದಿಲ್ಲ.

ಚೀಸಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಬೇಕು. ಹಾಲನ್ನು ಒಡೆಯಿಸಲು ಬಳಸುವ ‘ಲಾಬ್’ ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರಬಹುದು, ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದೂ ಇರಬಹುದು. ಪೊಟ್ಟಣದ ಮೇಲೆ ‘ಮಿಕ್ರೋಬಿಯೆಲ್ಲೆಸ್ ಲಾಬ್’ ಎಂದಿದ್ದರೆ ಎರಡನೆಯದು. ಪಾರ್ಮಿಜಾನೋ ರೆಜ್ಜಾನೋ ಎಂಬ ಇಟಲಿಯ ಚೀಸು ಯಾವಾಗಲೂ ಮೊದಲನೆಯದು. ಅಂಟಂಟಾದ ಬಣ್ಣದ ಮಿಠಾಯಿಗಳಲ್ಲಿ, ಕೆಲವು ಸಿಹಿ ಮೊಸರುಗಳಲ್ಲಿ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆಯುವ ಜೆಲಟಿನ್ ಇರುತ್ತದೆ. ಬ್ರೆಡ್ಡಿಗೆ ‘ಕ್ವಾರ್ಕ್’ ಹಚ್ಚಿಕೊಳ್ಳಲೂಬಹುದು, ಆದರೆ ಅದರಲ್ಲೂ ಲಾಬ್ ಇರಬಹುದಾದ್ದರಿಂದ ಪೊಟ್ಟಣ ನೋಡಿಯೇ ಕೊಳ್ಳಿ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದಂತಿರುವ ಇದರಲ್ಲಿ ಪ್ರೋಟೀನು ಧಾರಾಳವಾಗಿದೆ. ಉಪ್ಪು, ಮೆಣಸಿನ ಪುಡಿ, ಹೆಚ್ಚಿದ ಸೌತೆಕಾಯಿ ಬೆರೆಸಿದರೆ ನಮ್ಮ ನಾಲಿಗೆಗೆ ಅಪರಿಚಿತವೆನಿಸುವುದಿಲ್ಲ.

ಆರೋಗ್ಯ ಕೆಡುವುದೇ ಎಂದಿರಿ. ಬಿಳಿ ಅನ್ನಕ್ಕೆ ಒಗ್ಗಿದ ಹೊಟ್ಟೆಗೆ ರೈ ಧಾನ್ಯದ ಕಪ್ಪು ಬ್ರೆಡ್ಡನ್ನು ಒಮ್ಮೆಲೇ ನಾಲ್ಕು ಹೋಳು ಕೊಟ್ಟರೆ ನಾರಿನಂಶ ಹೆಚ್ಚಾಗಿ ಉಬ್ಬರಿಸುತ್ತದೆ. ಒಂದು ಹೋಳಿನಿಂದ ಆರಂಭಿಸಿ, ನೀರನ್ನು ಚೆನ್ನಾಗಿ ಕುಡಿಯಿರಿ. ಅಲ್ಲಿ ನಲ್ಲಿಯ ನೀರೇ ಕುಡಿಯಲು ಯೋಗ್ಯ. ಚಳಿಗಾಲದ ಎಳೆಬಿಸಿಲಿನಲ್ಲಿ ಚರ್ಮಕ್ಕೆ ಸಾಕಷ್ಟು ಡಿ ಜೀವಸತ್ವ ತಯಾರಿಸಿಕೊಳ್ಳಲು ಆಗುವುದಿಲ್ಲ, ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾಗುವುದೂ ಸಾಮಾನ್ಯ. ಕಾರಣವಿಲ್ಲದ ಸುಸ್ತು ಕಾಣಿಸಿಕೊಂಡರೆ ಬ್ರೆಡ್ಡನ್ನು ದೂರುವ ಮೊದಲು ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಅನ್ನ ಸಾರನ್ನು ಬಿಡಬೇಕಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದಿಟ್ಟುಕೊಂಡು, ಬಿಡುವಾಗಿ ಅಡುಗೆ ಮಾಡಿ, ಜೊತೆಯಲ್ಲಿರುವ ವಿದ್ಯಾರ್ಥಿಗಳನ್ನೂ ಕರೆಯಿರಿ. ಒಗ್ಗರಣೆಗೆ ಮೊದಲು ಕಿಟಕಿ ತೆರೆಯುವುದನ್ನು ಮರೆಯಬೇಡಿ, ಹೊಗೆಯ ಎಚ್ಚರಿಕೆ ಗಂಟೆ ಹೊಡೆದುಕೊಂಡೀತು.

ಇನ್ನು ತಾಯಿಯವರ ಗಂಟಿನ ವಿಷಯ. ಒಕ್ಕೂಟದ ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರುವುದಕ್ಕೆ ನಿಷೇಧವಿರುವುದರಿಂದ ತುಪ್ಪ ಬೇಡ, ಹಾಲಿನ ಸಿಹಿಗಳೂ ಬೇಡ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ ಅದೂ ಆಗದು. ಸಾರಿನ ಪುಡಿಗೆ ಅಡ್ಡಿಯಿಲ್ಲ. ತುಪ್ಪಕ್ಕಾಗಿ ಅಲ್ಲಿನ ಅಂಗಡಿಯಲ್ಲಿ ‘ಸೌವರ್‌ರಾಮ್‌ಬುಟರ್’ ಎಂಬ, ಹುಳಿ ಬರಿಸಿದ ಕೆನೆಯಿಂದ ತೆಗೆದ ಬೆಣ್ಣೆ ಕೇಳಿ. ಸಣ್ಣ ಉರಿಯಲ್ಲಿ ಕಾಯಿಸಿದರೆ ಮನೆಯ ತುಪ್ಪದ ಪರಿಮಳಕ್ಕೆ ಅದೇ ಹತ್ತಿರ. ತಾಯಿಯವರು ಬಂದಾಗ ಅವರ ಕೈಯಿಂದಲೇ ಕಾಯಿಸಿಟ್ಟುಕೊಳ್ಳಿ.