ಪ್ರಶ್ನೆಯಲ್ಲೇ ರೋಗದ ಹೆಸರು ಬರೆಯಬೇಡಿ

ಬೆಳಿಗ್ಗೆ ತಾವು ಗುಂಪಿಗೆ ಹಾಕಿದ ಎಐ ಉತ್ತರದ ಸ್ಕ್ರೀನ್‌ಶಾಟನ್ನು ಎರಡು ಬಾರಿ ಓದಿದೆ. ‘ಅಡಿಕೆಗೆ ಹಳದಿ ಎಲೆ ರೋಗ ಬಂದಿದೆ, ಯಾವ ಔಷಧ ಹೊಡೆಯಬೇಕು?’ ಎಂದು ತಾವು ಕೇಳಿದ್ದೀರಿ, ಅದು ನಾಲ್ಕು ಔಷಧಗಳ ಹೆಸರನ್ನು ಪ್ರಮಾಣಸಮೇತ ಕೊಟ್ಟಿದೆ, ಅವುಗಳಲ್ಲಿ ಯಾವುದನ್ನು ತರಲಿ ಎಂದು ನಮ್ಮನ್ನು ಕೇಳುತ್ತಿದ್ದೀರಿ. ದಯವಿಟ್ಟು ಯಾವುದನ್ನೂ ತರಬೇಡಿ. ಎರಡು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಕೇಳಿ ಒಂದು ಇಡೀ ಹಂಗಾಮನ್ನು ಕಳೆದುಕೊಂಡಿದ್ದೇನೆ.

ಆ ವರ್ಷ ನನ್ನ ತೋಟದ ತಗ್ಗಿನ ಭಾಗದ ಸುಮಾರು 60 ಮರಗಳ ಸೋಗೆ (ಎಲೆ) ಹಳದಿಗೆ ತಿರುಗಿತ್ತು. ಪಕ್ಕದ ಊರಿನಲ್ಲಿ ಹಳದಿ ರೋಗ ಇದ್ದುದರಿಂದ ಇದೂ ಅದೇ ಎಂದು ನಾನು ಮೊದಲೇ ತೀರ್ಮಾನಿಸಿ, ಆ ತೀರ್ಮಾನವನ್ನೇ ಎಐಗೆ ಪ್ರಶ್ನೆಯಾಗಿ ಬರೆದೆ. ಉತ್ತರ ಬಹಳ ಅಚ್ಚುಕಟ್ಟಾಗಿತ್ತು. ಅದರಂತೆ ಲಘು ಪೋಷಕಾಂಶ ತಂದೆ, ಸಿಂಪಡಣೆಗೆ ಆಳು ಹಿಡಿದೆ, ಹಳದಿ ಮಾತ್ರ ಹಾಗೆಯೇ ಉಳಿಯಿತು. ದೀಪಾವಳಿ ಕಳೆದ ಮೇಲೆ ಒಂದು ಮರದ ಬುಡ ಅಗೆದಾಗ ಹಾರೆ ಕೆಸರಿನಲ್ಲಿ ಹೂತಿತು; ಬೇರಿನ ತುದಿಗಳು ಕಪ್ಪಾಗಿ, ಹಿಡಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಮೇಲಿನ ದರೆ (ಮಣ್ಣಿನ ಏರಿ) ಕುಸಿದು, ನೀರು ಬಸಿದುಹೋಗುವ ಬಸಿಗಾಲುವೆ ಮುಚ್ಚಿಹೋಗಿತ್ತು. ಕಾಲುವೆ ಬಿಡಿಸಿದ ಮೇಲೆ ಮರುವರ್ಷ ಬಂದ ಸೋಗೆಗಳು ಹಸಿರಾಗಿದ್ದವು.

ಈ ಎಐ ಉಪಕರಣಗಳು ನಮ್ಮ ತೋಟವನ್ನು ನೋಡಿಲ್ಲ. ನಾವು ಬರೆದ ಮಾತಿಗೆ ಹೊಂದುವ ಮಾತನ್ನು ಒಂದರ ಮುಂದೊಂದು ಪೋಣಿಸುತ್ತವೆ. ರೋಗವೆಂದು ಬರೆದರೆ ರೋಗದ ಸುತ್ತಲೇ ಸುತ್ತುತ್ತವೆ. ಔಷಧ ಯಾವುದೆಂದು ಕೇಳಿದರೆ, ಔಷಧವಿಲ್ಲದ ರೋಗಕ್ಕೂ ಔಷಧ ಹೇಳುವ ಕಡೆಗೇ ವಾಲುತ್ತವೆ. ಹಳದಿ ಎಲೆ ರೋಗ ಫೈಟೊಪ್ಲಾಸ್ಮಾ ಎಂಬ, ಗಿಡದೊಳಗೆ ಬೆಳೆಯುವ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಯಿಂದ ಬರುವಂಥದ್ದು, ಅದನ್ನು ವಾಸಿ ಮಾಡುವ ಸಿಂಪಡಣೆಯೇ ಇಲ್ಲ. ಅಂದರೆ ತಮ್ಮ ಊಹೆ ಸರಿಯಾಗಿದ್ದರೂ ಆ ನಾಲ್ಕು ಔಷಧಗಳಿಂದ ಪ್ರಯೋಜನವಿಲ್ಲ.

ಈಗ ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ, ಹೆಸರನ್ನು ಬರೆಯುವುದಿಲ್ಲ. ಅಂದಿನ ಪ್ರಶ್ನೆಯನ್ನು ಇಂದು ಬರೆದರೆ ಹೀಗಿರುತ್ತದೆ: ‘ಮಲೆನಾಡಿನ ಅಡಿಕೆ ತೋಟ, 15 ವರ್ಷದ ಮರಗಳು. ತಗ್ಗಿನ 60 ಮರಗಳಲ್ಲಿ ಮಾತ್ರ ಸೋಗೆ (ಎಲೆ) ಹಳದಿಯಾಗುತ್ತಿದೆ, ಮೇಲಿನ ತೋಟ ಹಸಿರಾಗಿದೆ. ಆಗಸ್ಟ್‌ನಲ್ಲಿ ಶುರುವಾಯಿತು. ಕಾಯಿ ಉದುರಿಲ್ಲ, ಒಡೆದು ನೋಡಿದರೆ ತಿರುಳು ಕಪ್ಪಾಗಿಲ್ಲ. ಇರಬಹುದಾದ ಕಾರಣಗಳನ್ನೆಲ್ಲ ಹೇಳು, ಪ್ರತಿಯೊಂದನ್ನೂ ತೋಟದಲ್ಲೇ ಪರೀಕ್ಷಿಸಿ ತಳ್ಳಿಹಾಕುವುದು ಹೇಗೆಂದು ಹೇಳು. ಔಷಧದ ಹೆಸರು ಈಗ ಬೇಡ. ಉತ್ತರಿಸುವ ಮೊದಲು ನಿನಗೆ ಬೇಕಾದ ಮಾಹಿತಿಯನ್ನು ನನ್ನಿಂದ ಒಂದೊಂದಾಗಿ ಕೇಳು.’ ಕೊನೆಯ ವಾಕ್ಯವನ್ನು ಯಾವ ಕಾರಣಕ್ಕೂ ಬಿಡಬೇಡಿ. ಹೀಗೆ ಬರೆದು ನೋಡಿದಾಗ ಅದು ನನ್ನನ್ನು ಕೇಳಿದ ಎರಡನೆಯ ಪ್ರಶ್ನೆಯೇ ಮಳೆ ನಿಂತ ಮೇಲೆ ಬುಡದಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ ಎಂಬುದಾಗಿತ್ತು.

ಆದರೆ ಇದನ್ನು ಹಳೆಯ ಸಂಭಾಷಣೆಯಲ್ಲೇ ಮುಂದುವರಿಸಿದರೆ ಕೆಲಸ ಕೆಡುತ್ತದೆ. ಮೊದಲು ಬರೆದ ರೋಗದ ಹೆಸರು ಅಲ್ಲೇ ಉಳಿದು ಉತ್ತರವನ್ನು ಎಳೆಯುತ್ತಿರುತ್ತದೆ, ಆದ್ದರಿಂದ ಹೊಸ ಚಾಟ್ ತೆರೆಯಿರಿ. ‘ಇದು ಖಚಿತವೇ?’ ಎಂದು ಮತ್ತೆ ಮತ್ತೆ ಕೇಳುವುದೂ ಬೇಡ. ಸರಿಯಾಗಿ ಹೇಳಿದ್ದನ್ನೂ ಕ್ಷಮೆ ಕೇಳಿ ಬದಲಿಸಿಬಿಡಬಹುದು. ಅದರ ಬದಲು ‘ಈ ನಿರ್ಣಯ ತಪ್ಪಾಗಿದ್ದರೆ ತೋಟದಲ್ಲಿ ಯಾವ ಲಕ್ಷಣ ಕಾಣಬೇಕು?’ ಎಂದು ಕೇಳಿ. ಫೋಟೋ ಹಾಕುವುದಾದರೆ ಸೋಗೆಯ ತುದಿ ಒಂದೇ ಸಾಲದು, ಇಡೀ ಮರ ಮತ್ತು ಬೇರೂ ಕಾಣಲಿ. ಔಷಧದ ಪ್ರಮಾಣವನ್ನಂತೂ ಎಂದಿಗೂ ಅಲ್ಲಿಂದ ತೆಗೆದುಕೊಳ್ಳಬೇಡಿ, ಡಬ್ಬಿಯ ಮೇಲಿನ ಚೀಟಿ ಓದಿ.

ಯಾವ ಆ್ಯಪ್ ಒಳ್ಳೆಯದು ಎಂದು ಕೆಳಗೆ ಒಬ್ಬರು ಕೇಳಿದ್ದಾರೆ. ಗೂಗಲ್‌ನ ಜೆಮಿನಿ ಕನ್ನಡದಲ್ಲೇ ಸಿಗುತ್ತದೆ, ಮಾತಾಡಿಯೂ ಕೇಳಬಹುದು, ಟೈಪು ಮಾಡಲು ಬೇಸರವಿರುವ ಹಿರಿಯರಿಗೆ ನಾನು ಅದನ್ನೇ ಹಾಕಿಕೊಡುತ್ತೇನೆ. ಉದ್ದದ ಪ್ರಶ್ನೆ ಬರೆದು ಕುಳಿತು ಓದಲು ನನಗೆ ಚಾಟ್‌ಜಿಪಿಟಿ ಒಗ್ಗಿದೆ. ಯಾವುದನ್ನೇ ಬಳಸಿದರೂ, ತಮಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆಯನ್ನು ಮೊದಲು ಕೇಳಿ. ನಾನು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಕೇಳುತ್ತೇನೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ತಲಾ 1 ಕಿಲೋ, ಆದ್ದರಿಂದ 200 ಲೀಟರಿನ ಡ್ರಮ್ಮಿಗೆ ತಲಾ 2 ಕಿಲೋ ಎಂದು ಬರಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕಬ್ಬಿಣದ ಪಾತ್ರೆ ಕೂಡದು, ಅದ್ದಿದ ಚಾಕುವಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದೂ ಹೇಳಬೇಕು. ಇದರಲ್ಲೇ ಎಡವಿದರೆ ಆ ದಿನ ಆ ಆ್ಯಪನ್ನು ಮುಚ್ಚಿಡಿ.

ಇನ್ನೊಂದು ಮಾತನ್ನು ಎಲ್ಲರಿಗೂ ಹೇಳಬೇಕಾಗಿದೆ. ಪ್ರಶ್ನೆಯನ್ನು ಕತ್ತರಿಸಿ ಉತ್ತರವನ್ನಷ್ಟೇ ಗುಂಪಿಗೆ ಹಾಕುವುದು ನಿಲ್ಲಬೇಕು. ಏನು ಕೇಳಿದಿರಿ ಎಂದು ತಿಳಿಯದೆ ಆ ಉತ್ತರವನ್ನು ತೂಗಲು ಯಾರಿಗೂ ಆಗುವುದಿಲ್ಲ, ಅಷ್ಟರಲ್ಲಿ ಇನ್ನೊಬ್ಬರು ಅದನ್ನು ನೋಡಿ ಅಂಗಡಿಗೆ ಹೋಗಿರುತ್ತಾರೆ. ತಾವು ಪ್ರಶ್ನೆಯನ್ನೂ ಹಾಕಿದ್ದರಿಂದಲೇ ನಾನು ಇಷ್ಟು ಬರೆಯಲು ಸಾಧ್ಯವಾಯಿತು.

ನಾಳೆ ಹಳದಿಯಾದ ಒಂದು ಮರ, ಹಸಿರಾಗಿರುವ ಒಂದು ಮರ, ಎರಡರ ಬುಡವನ್ನೂ ಒಂದು ಅಡಿ ಅಗೆದು ಬೇರು ನೋಡಿ. ಎರಡರ ಫೋಟೋ ಮತ್ತು ಹೊಸದಾಗಿ ಬರೆದ ಪ್ರಶ್ನೆಯನ್ನು ಇಲ್ಲೇ ಹಾಕಿ, ಸಂಜೆ ಏಳರ ನಂತರ ನಾನು ನೋಡುತ್ತೇನೆ.