ಇಳಿಜಾರು, ಪೆಟ್ಟು ಮತ್ತು ತಾಯಂದಿರಿಗೆ ಮಾತ್ರ ಕೇಳುವ ಪ್ರಶ್ನೆ

ಶಿರಸಿಯ ನಿವೃತ್ತ ಶಿಕ್ಷಕಿಯೊಬ್ಬರು ನಮಗೆ ಉದ್ದದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಡೌನ್‌ಹಿಲ್ ಸೈಕಲ್ ಸ್ಪರ್ಧಿ ರೇಚಲ್ ಆಥರ್ಟನ್ ಬಗ್ಗೆ ಬಂದ ಲೇಖನ ಅವರಿಗೆ ಹಿಡಿಸಿಲ್ಲ. "ಗುಡ್ಡದಿಂದ ಕೆಳಗೆ ಬರುವುದಕ್ಕೆ ಇಳಿಜಾರೇ ಸಾಕು, ಅದರಲ್ಲಿ ಸಾಧನೆ ಏನು ಬಂತು?" ಎನ್ನುವುದು ಅವರ ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಖಾರ: "ಮನೆಯಲ್ಲಿ ಪುಟ್ಟ ಮಗು ಇರುವಾಗ ಕೈಕಾಲು ಮುರಿದುಕೊಳ್ಳುವ ಆಟಕ್ಕೆ ಮರಳಿದ ತಾಯಿಯನ್ನು ನೀವು ಹೊಗಳಿದ್ದೀರಿ. ನಮ್ಮ ಹೆಣ್ಣುಮಕ್ಕಳಿಗೆ ಇದು ಮಾದರಿಯೇ?"

ಅಕ್ಕೋರೇ, ನಿಮ್ಮ ಕಡೆಯ ಮಕ್ಕಳು ಕರೆಯುವ ಹಾಗೆಯೇ ನಾನೂ ಕರೆಯುತ್ತೇನೆ. ನಿಮ್ಮ ಕಳಕಳಿ ನಿಜವಾದದ್ದು. ಇದು ಪೆಟ್ಟಿನ ಆಟ ಎನ್ನುವುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಎಳೆಯ ಮಗುವಿನ ಬಗ್ಗೆ ಯೋಚಿಸುವುದು ತಪ್ಪು ಎಂದು ನಾನು ಹೇಳುವುದೂ ಇಲ್ಲ. ಆದರೆ ನಿಮ್ಮ ಎರಡೂ ಪ್ರಶ್ನೆಗಳನ್ನು ನಾನು ಒಪ್ಪುವುದಿಲ್ಲ. ಎರಡನೆಯದನ್ನಂತೂ ಖಂಡಿತ ಒಪ್ಪುವುದಿಲ್ಲ.

ಮೊದಲು ಇಳಿಜಾರಿನ ಮಾತು. ನಿಮ್ಮೂರಿನಿಂದ ಕುಮಟಾಕ್ಕೆ ಹೋಗುವ ದಾರಿಯಲ್ಲಿ ದೇವಿಮನೆ ಘಟ್ಟ ಇದೆಯಲ್ಲ, ಮಳೆಗಾಲದಲ್ಲಿ ಅಲ್ಲಿ ಸೈಕಲ್ ಇಳಿಸಿದವರನ್ನು ಕೇಳಿ ನೋಡಿ. ಅದಾದರೂ ಡಾಂಬರು ರಸ್ತೆ. ಡೌನ್‌ಹಿಲ್ ಸ್ಪರ್ಧೆಯ ದಾರಿಯಲ್ಲಿ ಬಂಡೆ, ಕೆಸರು, ಅಡ್ಡಬಿದ್ದ ಮರದ ಬೇರು ತುಂಬಿರುತ್ತವೆ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಮ್‌ನ ಹೆಸರಾಂತ ದಾರಿಯ ಉದ್ದ ಸುಮಾರು 2.8 ಕಿಲೋಮೀಟರ್. ಅಷ್ಟರಲ್ಲಿ 550 ಮೀಟರಿನಷ್ಟು ಇಳಿಯಬೇಕು. ಒಳ್ಳೆಯ ಸ್ಪರ್ಧಿಗಳು ಅದನ್ನು ಐದು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಸ್ಪರ್ಧಿಗಳು ಒಬ್ಬೊಬ್ಬರಾಗಿ ಹೊರಡುತ್ತಾರೆ. ಫೈನಲ್‌ನಲ್ಲಿ ಸಿಗುವುದು ಒಂದೇ ಓಟ. ಬಿದ್ದರೆ ಅಲ್ಲಿಗೆ ಮುಗಿಯಿತು.

ಸೈಕಲ್ ತಾನಾಗಿ ಇಳಿಯುತ್ತದೆ ನಿಜ. ಅದನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎನ್ನುವುದರಲ್ಲೇ ವಿದ್ಯೆ ಇರುವುದು. ಒದ್ದೆ ಬೇರಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹಾಗಾಗಿ ಬೇರು ಬರುವ ಮೊದಲೇ ವೇಗ ಇಳಿಸಿಕೊಂಡು, ಬೇರಿನ ಮೇಲೆ ಕೈ ಸಡಿಲ ಬಿಟ್ಟು ಹಾಯಬೇಕು. ಸ್ಪರ್ಧೆಗೆ ಮೊದಲು ಇವರೆಲ್ಲ ಆ ದಾರಿಯನ್ನು ನಡೆದು ನೋಡುತ್ತಾರೆ. ಒಂದೊಂದು ಕಲ್ಲನ್ನೂ ನೆನಪಿಟ್ಟುಕೊಳ್ಳುತ್ತಾರೆ. ಅರ್ಧ ದಾರಿ ಇಳಿಯುವಷ್ಟರಲ್ಲಿ ಮುಂಗೈ ಬಿಗಿದು ಕಲ್ಲಾಗುತ್ತದೆ, ಬೆರಳು ಬ್ರೇಕಿನ ಮೇಲೆ ನಿಲ್ಲುವುದಿಲ್ಲ. ಆಗಲೂ ಎಲ್ಲಿ ಹಿಡಿಯಬೇಕು ಎಂದು ಲೆಕ್ಕ ಹಾಕುವ ತಲೆ ಇರಬೇಕು. ಇದನ್ನು ಇಳಿಜಾರಿನ ಖಾತೆಗೆ ಬರೆಯುವುದು ನ್ಯಾಯವಲ್ಲ.

ಈಗ ರೇಚಲ್. ಹುಟ್ಟಿದ್ದು 1987ರಲ್ಲಿ. ಅಣ್ಣಂದಿರಾದ ಡ್ಯಾನ್ ಮತ್ತು ಗೀ ಹಿಂದೆ ಸೈಕಲ್ ಹತ್ತಿದ ಹುಡುಗಿ. 2005ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್. 2008ರಲ್ಲಿ ಇಟಲಿಯ ವಾಲ್ ದಿ ಸೋಲೆಯಲ್ಲಿ ಅವಳೂ ಗೀಯೂ ಒಟ್ಟಿಗೆ ಹಿರಿಯರ ವಿಶ್ವ ಚಾಂಪಿಯನ್‌ಗಳಾದರು. ಆಗ ಅವಳಿಗೆ ಇಪ್ಪತ್ತು ವರ್ಷ. ಮುಂದಿನ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಒಂದು ಪಿಕಪ್ ಟ್ರಕ್ ಎದುರಿನಿಂದ ಬಂದು ಗುದ್ದಿತು. ಭುಜ ಕಳಚಿತು, ನರಕ್ಕೆ ಪೆಟ್ಟಾಯಿತು. 2009ರ ಇಡೀ ಹಂಗಾಮು ಕೈತಪ್ಪಿತು. ಆ ವಯಸ್ಸಿನಲ್ಲಿ ಅಷ್ಟು ಎತ್ತರಕ್ಕೆ ಹೋಗಿ ಹೀಗೆ ಬಿದ್ದವರು ಎಷ್ಟು ಜನ ಮತ್ತೆ ಎದ್ದಿದ್ದಾರೆ?

ಅವಳು ಎದ್ದಳು, ಆದರೆ ಒಂದೇ ದಿನದಲ್ಲಲ್ಲ. ವರ್ಷದಲ್ಲಿ ಹಲವು ಸುತ್ತು ನಡೆಯುವ ವಿಶ್ವಕಪ್ಪಿನ ಒಟ್ಟಾರೆ ಪ್ರಶಸ್ತಿ ಮತ್ತೆ ಅವಳ ಕೈಗೆ ಬಂದದ್ದು 2012ರಲ್ಲಿ. ವಿಶ್ವ ಚಾಂಪಿಯನ್ ಪಟ್ಟ ಮರಳಿದ್ದು 2013ರಲ್ಲಿ, ದಕ್ಷಿಣ ಆಫ್ರಿಕಾದ ಪೀಟರ್‌ಮರಿಟ್ಸ್‌ಬರ್ಗ್‌ನಲ್ಲಿ. ಆಮೇಲೆ 2016 ಬಂತು. ಆ ವರ್ಷದ ಏಳು ವಿಶ್ವಕಪ್ ಸುತ್ತುಗಳಲ್ಲಿ ಏಳನ್ನೂ ಗೆದ್ದಳು. ಮೇಲೆ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಗೆದ್ದಳು, ಅದೇ ವಾಲ್ ದಿ ಸೋಲೆಯಲ್ಲಿ. ಡೌನ್‌ಹಿಲ್‌ನಲ್ಲಿ ಅದಕ್ಕೂ ಮೊದಲು ಗಂಡಸರಾಗಲಿ ಹೆಂಗಸರಾಗಲಿ ಒಂದು ವರ್ಷವನ್ನು ಹೀಗೆ ಪೂರ್ತಿ ತಮ್ಮದಾಗಿಸಿಕೊಂಡಿರಲಿಲ್ಲ. ಒಂದು ವರ್ಷದಲ್ಲಿ ಒಂದು ಸಲವೂ ಟೈರ್ ಪಂಕ್ಚರ್ ಆಗಬಾರದು, ಚೈನ್ ಕಡಿಯಬಾರದು, ಮಳೆ ತಪ್ಪು ಹೊತ್ತಿಗೆ ಬರಬಾರದು, ತಾನೂ ಒಂದು ಕಡೆಯೂ ಎಡವಬಾರದು. ಯೋಚಿಸಿ ನೋಡಿ ಅಕ್ಕೋರೇ. ಅಂಥ ವರ್ಷದ ಸುದ್ದಿ ಕನ್ನಡದ ಕ್ರೀಡಾಪುಟಗಳಲ್ಲಿ ಆಗ ನನ್ನ ಕಣ್ಣಿಗಂತೂ ಬೀಳಲಿಲ್ಲ. ನನಗೆ ಇವತ್ತಿಗೂ ಆ ಬೇಸರ ಹೋಗಿಲ್ಲ.

2017ರಲ್ಲಿ ಫೋರ್ಟ್ ವಿಲಿಯಮ್‌ನ ಅಭ್ಯಾಸದಲ್ಲಿ ಬಿದ್ದು ಮತ್ತೆ ಭುಜ ಕಳಚಿತು. 2018ರಲ್ಲಿ ಮತ್ತೆ ವಿಶ್ವ ಚಾಂಪಿಯನ್. 2019ರಲ್ಲಿ ಫ್ರಾನ್ಸಿನ ಲೇ ಜೇಯಲ್ಲಿ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವೇ ಹರಿಯಿತು. 2021ರಲ್ಲಿ ಮಗಳು ಹುಟ್ಟಿದಳು. 2023ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೆಂಜರ್‌ಹೈಡೆಯಲ್ಲಿ ಮತ್ತೆ ವಿಶ್ವಕಪ್ ಸ್ಪರ್ಧೆಗೆ ನಿಂತಳು, ಗೆದ್ದಳು. ವಯಸ್ಸು 35. ನೀವು ಆಕ್ಷೇಪಿಸಿದ್ದು ಈ ಗೆಲುವನ್ನೇ.

ನನ್ನ ಮಾತು ಇಷ್ಟು. ಅವಳ ಅಣ್ಣ ಡ್ಯಾನ್ 2010ರಲ್ಲಿ ಕತ್ತಿನ ಮೂಳೆ ಮುರಿದುಕೊಂಡ. ಗೀ 2021ರಲ್ಲಿ ಜೀವ ಹೋಗುವಂಥ ಪೆಟ್ಟು ತಿಂದ. ಕಳೆದ ಸಂಚಿಕೆಯ ಲೇಖನದಲ್ಲಿ ಅವೆರಡೂ ಇದ್ದವು. ಅವರ ಮನೆಯವರ ಗತಿ ಏನು ಎಂದು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಗಂಡಸು ಅಪಾಯಕ್ಕೆ ಹೋದರೆ ಧೈರ್ಯ, ಹೆಂಗಸು ಹೋದರೆ ಬೇಜವಾಬ್ದಾರಿ. ನೀವು ಬೇಕಂತಲೇ ಹಾಗೆ ಬರೆದಿರಿ ಎಂದಲ್ಲ. ನಮ್ಮೆಲ್ಲರ ಬಾಯಲ್ಲೂ ಅದೇ ಮೊದಲು ಬರುತ್ತದೆ. ಆದರೆ ಸಾವಿರಾರು ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನೀವು ಅದನ್ನು ಬರೆಯುವ ಮೊದಲು ಒಂದು ಗಳಿಗೆ ತಡೆಯಬೇಕಿತ್ತು, ಅಲ್ವಾ?

ಇಷ್ಟು ಸಲ ಬಿದ್ದು, ಆಸ್ಪತ್ರೆಯಲ್ಲಿ ಮಲಗಿ, ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡಿಸಿಕೊಂಡವಳಿಗೆ ಅಪಾಯ ಅಂದರೆ ಏನೆಂದು ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತು. ಭಯವನ್ನು ತೂಗಿ ನೋಡುವುದೇ ಅವಳ ಕಸುಬು. ಅದು ಬದುಕಿನ ದಾರಿಯೂ ಹೌದು. 2019ರಲ್ಲಿ ಅಣ್ಣಂದಿರು, ತಂಗಿ ಮೂವರೂ ಸೇರಿ ವೇಲ್ಸ್‌ನಲ್ಲಿ ಸ್ವಂತ ಸೈಕಲ್ ಕಂಪನಿ ಶುರು ಮಾಡಿದರು. ಟೈಟಾನಿಯಂ ಕೀಲುಗಳನ್ನು 3ಡಿ ಪ್ರಿಂಟರಿನಲ್ಲಿ ಮಾಡಿ, ಅವಕ್ಕೆ ಕಾರ್ಬನ್ ಕೊಳವೆ ಅಂಟಿಸಿ ಫ್ರೇಮ್ ಕಟ್ಟುತ್ತಾರೆ. ಲೆಂಜರ್‌ಹೈಡೆಯಲ್ಲಿ ಅವಳು ಓಡಿಸಿದ್ದು ತಮ್ಮದೇ ಸೈಕಲ್. ಅದು ಹುಚ್ಚು ಸಾಹಸ ಅಲ್ಲ, ಮನೆಯ ದುಡಿಮೆ.

ನನ್ನ ಅಕ್ಕನ ಮಗಳು ಖೋ-ಖೋದಲ್ಲಿ ಜಿಲ್ಲಾ ಮಟ್ಟಕ್ಕೆ ಆಡಿದವಳು. ಒಮ್ಮೆ ಪಾದ ಉಳುಕಿದ್ದೇ ನೆಪವಾಯಿತು. "ನಾಳೆ ಮದುವೆ ಆಗೋ ಹುಡುಗಿ, ಕಾಲು ಕುಂಟಾದ್ರೆ?" ಎಂದು ಮನೆಗೆ ಬಂದವರೆಲ್ಲ ಹೇಳಿ ಹೇಳಿ ಬಿಡಿಸಿದರು. ಅವಳ ತಮ್ಮ ಬೈಕಿನಿಂದ ಬಿದ್ದು ಕೈ ಮುರಿದುಕೊಂಡ. ಅವನ ಬೈಕ್ ಇವತ್ತಿಗೂ ಅಂಗಳದಲ್ಲಿದೆ. ಈ ಲೆಕ್ಕ ನನಗೆ ಯಾವತ್ತೂ ಅರ್ಥವಾಗಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳಿಗೆ ಒಲಿಂಪಿಕ್ಸ್ ಒಂದೇ ಅಳತೆಗೋಲು. ಗುಡ್ಡಗಾಡಿನ ಸೈಕಲ್, ಅಂದರೆ ಮೌಂಟನ್ ಬೈಕಿನ ಸ್ಪರ್ಧೆಗಳಲ್ಲಿ ಏರು, ಇಳಿಜಾರು ಎರಡನ್ನೂ ತುಳಿಯುವ ಕ್ರಾಸ್ ಕಂಟ್ರಿ 1996ರ ಅಟ್ಲಾಂಟಾದಿಂದ ಒಲಿಂಪಿಕ್ಸ್‌ನಲ್ಲಿದೆ. ಡೌನ್‌ಹಿಲ್‌ಗೆ ಜಾಗವೇ ಸಿಕ್ಕಿಲ್ಲ. ಫ್ರಾನ್ಸಿನ ಆನ್ ಕ್ಯಾರೊಲಿನ್ ಶೋಸೋನ್ 1996ರಿಂದ 2003ರವರೆಗೆ ಪ್ರತಿ ವರ್ಷವೂ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆಗಿದ್ದಳು. ಒಲಿಂಪಿಕ್ ಚಿನ್ನ ಬೇಕೆಂದರೆ ಅವಳು ಬಿಎಂಎಕ್ಸ್ ಎನ್ನುವ ಪುಟ್ಟ ಚಕ್ರದ ಸೈಕಲ್ ಓಟಕ್ಕೆ ಹೋಗಬೇಕಾಯಿತು. 2008ರಲ್ಲಿ ಬೀಜಿಂಗ್‌ನಲ್ಲಿ ಅದನ್ನೂ ಗೆದ್ದಳು. ಆ ಪದಕ ಇಲ್ಲದಿದ್ದರೆ ಅವಳ ಹಿಂದಿನ ಎಂಟು ವರ್ಷ ಸುಮ್ನೆ ಹೋದವೇ? ನಮ್ಮಲ್ಲೇ ವಿಜಯಪುರ, ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳು ಬಿಸಿಲಲ್ಲಿ ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಪಕ್ಕ ಸೈಕಲ್ ತುಳಿದು ರಾಷ್ಟ್ರೀಯ ಪದಕ ತರುತ್ತಾರೆ. ಅವರ ಹೆಸರು ಒಂದು ದಿನ ಮೂಲೆಯಲ್ಲಿ ಅಚ್ಚಾಗುತ್ತದೆ. ಮದುವೆ ಆದ ಮೇಲೆ, ಮಗು ಆದ ಮೇಲೆ ಅವರು ಎಲ್ಲಿ ಹೋದರು ಎಂದು ಯಾವ ವರದಿಗಾರನೂ ಹುಡುಕಿಕೊಂಡು ಹೋಗುವುದಿಲ್ಲ.

ಆ ಕೆಲಸವನ್ನು ನಾವು ಮಾಡಬೇಕು ಅಂದುಕೊಂಡಿದ್ದೇವೆ. ನಿಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಮದುವೆಯಾದ ಮೇಲೂ ಆಟ ಬಿಡದವರು ಇದ್ದರೆ, ಅಥವಾ ಬಿಡಲೇಬೇಕಾಗಿ ಬಂದವರು ಇದ್ದರೆ, ಅವರನ್ನು ಒಂದು ಮಾತು ಕೇಳಿ. ಅವರು ಒಪ್ಪಿದರೆ ನಮಗೆ ತಿಳಿಸಿ. ನಮ್ಮ ವರದಿಗಾರರು ಶಿರಸಿಗೇ ಬರುತ್ತಾರೆ.

- ಸಂಪಾದಕ